ಪಾಯಿಂಟ್ ಕೀಳುವ ಮುನ್ನ ವಯರ್ ನೋಡಿ

ಹಳೆಯ ಅಂಬಾಸಿಡರ್ ಅಥವಾ ಪದ್ಮಿನಿ ಕೊಂಡವರಿಗೆ ಬೇಗನೆ ಸಿಗುವ ಪುಕ್ಕಟೆ ಸಲಹೆಯೊಂದಿದೆ: ‘ಸಿಬಿ (ಕಾಂಟ್ಯಾಕ್ಟ್ ಬ್ರೇಕರ್) ಪಾಯಿಂಟ್ ತೆಗೆಸಿ, ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿಬಿಡಿ’. ಎಂಜಿನ್ ಮಿಸ್ಸಿಂಗ್ ಹೊಡೆದರೂ, ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೂ, ಸಿಗ್ನಲ್‌ನಲ್ಲಿ ಆಫ್ ಆದರೂ ದೂರು ಪಾಯಿಂಟಿನ ಮೇಲೆಯೇ. ಈ ಸಲಹೆ ಅವಸರದ್ದು. ಹಲವು ಸಲ ಕೆಟ್ಟಿರುವುದು ಪಾಯಿಂಟ್ ಅಲ್ಲ, ಅದಕ್ಕೆ ಹೋಗುವ ವಯರು.

ಪಾಯಿಂಟ್ ಬಳಸುವ ಈ ಇಗ್ನಿಷನ್ ವ್ಯವಸ್ಥೆ ನಿನ್ನೆ ಮೊನ್ನೆಯದಲ್ಲ. ಅಮೆರಿಕದ ಎಂಜಿನಿಯರ್ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಬ್ಯಾಟರಿ ಇಗ್ನಿಷನ್ 1910ರ ಮಾದರಿಯ ಕ್ಯಾಡಿಲಾಕ್ ಕಾರಿಗೆ ಬಂತು. 1970ರ ದಶಕದಲ್ಲಿ ಕ್ರೈಸ್ಲರ್‌ನಂಥ ಕಂಪನಿಗಳು ಎಲೆಕ್ಟ್ರಾನಿಕ್‌ಗೆ ಹೊರಳುವವರೆಗೆ ಜಗತ್ತಿನ ಪೆಟ್ರೋಲ್ ಕಾರುಗಳಲ್ಲಿ ಬಹುಪಾಲು ಓಡಿದ್ದು ಇದೇ ತತ್ವದ ಮೇಲೆ. ಅರುವತ್ತು ವರ್ಷ ನಂಬಿಕೆಗೆ ಅರ್ಹವಾಗಿದ್ದದ್ದು ಇಂದು ಏಕಾಏಕಿ ಅಯೋಗ್ಯವಾಗಲು ಕಾರಣವಿಲ್ಲ.

ಕರೆಂಟಿನ ದಾರಿಯೂ ಸರಳ. ಬ್ಯಾಟರಿಯಿಂದ ಇಗ್ನಿಷನ್ ಸ್ವಿಚ್‌ಗೆ, ಅಲ್ಲಿಂದ ಕಾಯಿಲ್‌ನ ಒಂದು ತುದಿಗೆ, ಕಾಯಿಲ್‌ನ ಇನ್ನೊಂದು ತುದಿಯಿಂದ ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್‌ಗೆ, ಪಾಯಿಂಟ್ ಮೂಲಕ ಕಾರಿನ ಬಾಡಿಗೆ. ಬ್ರಿಟಿಷ್ ಪದ್ಧತಿಯ ವಯರಿಂಗ್‌ನಲ್ಲಿ ಸ್ವಿಚ್‌ನಿಂದ ಕಾಯಿಲ್‌ಗೆ ಬರುವುದು ಬಿಳಿ ವಯರು, ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್‌ಗೆ ಹೋಗುವುದು ಕಪ್ಪು ಗೆರೆಯ ಬಿಳಿ ವಯರು. ಪಾಯಿಂಟ್ ಕೂಡಿದಾಗ ಕಾಯಿಲ್‌ನಲ್ಲಿ ಕಾಂತಕ್ಷೇತ್ರ ಬೆಳೆಯುತ್ತದೆ. ಬಿಟ್ಟ ಕ್ಷಣ ಅದು ಕುಸಿದು, ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್‌ನಲ್ಲಿ ಕಿಡಿ ಹಾರುತ್ತದೆ. ನಾಲ್ಕು ಸಿಲಿಂಡರ್ ಎಂಜಿನ್ ನಿಮಿಷಕ್ಕೆ 800 ಸುತ್ತಿನಲ್ಲಿ ಸುಮ್ಮನೆ ಓಡುತ್ತಿದ್ದರೂ ನಿಮಿಷಕ್ಕೆ 1600 ಕಿಡಿ ಬೇಕು. ಎಲ್ಲೋ ಒಂದು ಟರ್ಮಿನಲ್ ಸಡಿಲವಾಗಿದ್ದರೆ ಅಷ್ಟೂ ಕಿಡಿ ಸೊರಗುತ್ತದೆ.

ನಿಜವಾದ ಎಡವಟ್ಟುಗಳು ನಡೆಯುವುದು ಡಿಸ್ಟ್ರಿಬ್ಯೂಟರ್ ಮುಚ್ಚಳದ ಕೆಳಗೆ, ಬೆರಳೂ ಸರಿಯಾಗಿ ಹೋಗದ ಜಾಗದಲ್ಲಿ. ಕಾಯಿಲ್‌ನಿಂದ ಬಂದ ವಯರು ಮತ್ತು ಕಂಡೆನ್ಸರ್ ವಯರು ಎರಡೂ ಪಾಯಿಂಟಿನ ಸ್ಪ್ರಿಂಗಿಗೆ ತಾಗಿರಬೇಕು, ಆದರೆ ಮೂರೂ ಸೇರಿ ಬಾಡಿಗೆ ಎಲ್ಲಿಯೂ ತಾಗಬಾರದು. ಇದನ್ನು ಕಾಯುವುದು ಪುಟ್ಟದೊಂದು ಇನ್ಸುಲೇಟರ್. ಅದನ್ನು ಕೂರಿಸುವಾಗ ಕ್ರಮ ತಪ್ಪಿದರೆ ಕರೆಂಟು ಸದಾ ಬಾಡಿಗೆ ಹರಿಯುತ್ತದೆ, ಪಾಯಿಂಟ್ ತೆರೆದರೂ ಮುಚ್ಚಿದರೂ ಒಂದೇ. ಕಾರು ಸ್ಟಾರ್ಟ್ ಆಗುವುದಿಲ್ಲ. ಹೊಸ ಪಾಯಿಂಟ್ ಹಾಕಿದ ಮೇಲೆ ಕಾರು ಸತ್ತುಹೋಯಿತು ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇಷ್ಟೇ.

ಇನ್ನೊಂದು ತೊಂದರೆ ಇದಕ್ಕಿಂತ ಸೂಕ್ಷ್ಮ. ಪಾಯಿಂಟ್ ಕೂತಿರುವ ತಟ್ಟೆ ಸ್ಥಿರವಲ್ಲ. ಎಂಜಿನ್ನಿನ ವ್ಯಾಕ್ಯೂಮ್ ಎಳೆದಂತೆಲ್ಲ ಅದು ಸ್ವಲ್ಪ ತಿರುಗುತ್ತಲೇ ಇರುತ್ತದೆ. ಅದಕ್ಕೆಂದೇ ಒಳಗೆ ನವಿರಾದ ಎಳೆಗಳ, ಸುಲಭವಾಗಿ ಬಾಗುವ ವಯರು ಕೊಟ್ಟಿರುತ್ತಾರೆ. ತಟ್ಟೆಗೆ ಬಾಡಿಯ ಸಂಪರ್ಕ ಕೊಡಲು ಇಂಥದ್ದೇ ಇನ್ನೊಂದು ತುಂಡು ಇರುತ್ತದೆ. ಅದು ತುಂಡಾದಾಗ ಕೈಗೆ ಸಿಕ್ಕಿದ ಗಟ್ಟಿ ವಯರನ್ನು ಬೆಸೆದರೆ ಕೆಲವು ದಿನ ಓಡುತ್ತದೆ, ಆಮೇಲೆ ಹೊದಿಕೆಯೊಳಗೇ ತಂತಿ ಮುರಿಯುತ್ತದೆ. ಹೊರಗೆ ನೋಡಿದರೆ ಎಲ್ಲ ಸರಿ. ನಿಂತಲ್ಲಿ ಎಂಜಿನ್ ಚೆನ್ನಾಗಿ ಓಡುತ್ತದೆ, ಆಕ್ಸಿಲರೇಟರ್ ಒತ್ತಿದೊಡನೆ ಮುಗ್ಗರಿಸುತ್ತದೆ. ಕಾರ್ಬ್ಯುರೇಟರ್ ಬಿಚ್ಚುತ್ತಾರೆ, ಪೆಟ್ರೋಲ್ ಪಂಪ್ ಬದಲಿಸುತ್ತಾರೆ, ಕೊನೆಗೆ ಪಾಯಿಂಟನ್ನೇ ಕಿತ್ತು ಬಿಸಾಡುತ್ತಾರೆ. ಬೇಕಿದ್ದದ್ದು ಒಂದು ಗೇಣಿಗಿಂತ ಚಿಕ್ಕದಾದ ಸರಿಯಾದ ವಯರು.

ಇದನ್ನು ಹಿಡಿಯಲು ದುಬಾರಿ ಉಪಕರಣ ಬೇಡ, 12 ವೋಲ್ಟಿನ ಟೆಸ್ಟ್ ಲ್ಯಾಂಪ್ ಸಾಕು. ಅದರ ಒಂದು ತುದಿಯನ್ನು ಕಾಯಿಲ್‌ನಲ್ಲಿ ಡಿಸ್ಟ್ರಿಬ್ಯೂಟರ್ ಕಡೆಯ ಟರ್ಮಿನಲ್‌ಗೆ, ಇನ್ನೊಂದನ್ನು ಬಾಡಿಗೆ ಕೊಟ್ಟು, ಕೀ ಆನ್ ಮಾಡಿ ಎಂಜಿನ್ನನ್ನು ನಿಧಾನ ತಿರುಗಿಸಬೇಕು. ಪಾಯಿಂಟ್ ತೆರೆದಾಗ ದೀಪ ಹೊತ್ತಬೇಕು, ಕೂಡಿದಾಗ ಆರಬೇಕು. ಹೊತ್ತಿಯೇ ಇದ್ದರೆ ಪಾಯಿಂಟ್ ಕೂಡುತ್ತಿಲ್ಲ ಅಥವಾ ಅಲ್ಲಿಗೆ ಹೋಗುವ ವಯರು ಕಡಿದಿದೆ. ಹೊತ್ತದೇ ಇದ್ದರೆ ಎಲ್ಲೋ ಬಾಡಿಗೆ ತಾಗುತ್ತಿದೆ, ಇಲ್ಲವೇ ಕಾಯಿಲ್‌ಗೆ ಕರೆಂಟೇ ಬರುತ್ತಿಲ್ಲ. ಕೆಲಸ ಮುಗಿದೊಡನೆ ಕೀ ಆಫ್ ಮಾಡಬೇಕು. ಪಾಯಿಂಟ್ ಕೂಡಿದ ಸ್ಥಿತಿಯಲ್ಲಿ ಎಂಜಿನ್ ನಿಂತಿದ್ದರೆ 3 ಓಮ್‌ನ ಕಾಯಿಲ್‌ನಲ್ಲಿ ಸುಮಾರು 4 ಆಂಪಿಯರ್ ಸತತ ಹರಿದು ಕಾಯಿಲ್ ಕಾದು ಹಾಳಾಗುತ್ತದೆ.

ಕಂಡೆನ್ಸರ್ ವಿಷಯದಲ್ಲಿ ಮಾತ್ರ ಕೊಳ್ಳುವವರು ಎಚ್ಚರ ವಹಿಸಲೇಬೇಕು. ಪಾಯಿಂಟ್ ತೆರೆಯುವಾಗ ಅಲ್ಲೇ ಕಿಡಿ ಹಾರಿ ಲೋಹ ಸುಡದಂತೆ ತಡೆಯುವುದು ಅದು. ಕಳಪೆ ಕಂಡೆನ್ಸರ್ ಹಾಕಿದರೆ ಒಳ್ಳೆಯ ಪಾಯಿಂಟೂ ಬೇಗ ಸುಡುತ್ತದೆ.

ಎಲೆಕ್ಟ್ರಾನಿಕ್ ಬೇಡವೇ ಬೇಡ ಎಂದಲ್ಲ. ದಿನವೂ ಕಾರು ಓಡಿಸಬೇಕಾದವರಿಗೆ, ಆಗಾಗ ಗ್ಯಾಪ್ ಹೊಂದಿಸಲು ಪುರುಸೊತ್ತಿಲ್ಲದವರಿಗೆ ಅದು ಒಳ್ಳೆಯದೇ. ಪಾಯಿಂಟ್ ಸವೆಯುತ್ತದೆ, ಅದು ಅದರ ಗುಣ. ಆದರೆ ಸವೆಯುವಾಗ ಸೂಚನೆ ಕೊಡುತ್ತದೆ. ದಾರಿಯಲ್ಲಿ ನಿಂತರೂ ಒಂದು ಸ್ಕ್ರೂಡ್ರೈವರ್, ಒಂದು ಫೀಲರ್ ಗೇಜ್ ಇದ್ದರೆ ಮನೆ ಸೇರಿಸುತ್ತದೆ. ಎಲೆಕ್ಟ್ರಾನಿಕ್ ಮಾಡ್ಯೂಲ್ ಕೆಟ್ಟರೆ ಹೆದ್ದಾರಿ ಬದಿಯಲ್ಲಿ ಮಾಡುವುದಕ್ಕೆ ಏನೂ ಇಲ್ಲ. ಮೇಲಾಗಿ ಹಳೆಯ ಕೊಳೆತ ವಯರಿಂಗ್ ಮೇಲೆ ಹೊಸ ಮಾಡ್ಯೂಲ್ ಕೂರಿಸಿದರೆ ರೋಗ ಹಾಗೆಯೇ ಉಳಿಯುತ್ತದೆ.

ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮಗಳು 50 ವರ್ಷ ದಾಟಿದ ವಾಹನಗಳನ್ನು ವಿಂಟೇಜ್ ಎಂದು ಗುರುತಿಸುತ್ತವೆ, ಅವು ಮೂಲ ರೂಪದಲ್ಲೇ ಇರಬೇಕು ಎನ್ನುತ್ತವೆ. ಮೂಲ ಬಣ್ಣಕ್ಕೆ, ಬಂಪರಿನ ಹೊಳಪಿಗೆ ಹಣ ಸುರಿಯುವ ಮಾಲೀಕರು ಬಾನೆಟ್ ಒಳಗಿನ ಈ ಮೂಲ ವ್ಯವಸ್ಥೆಗೂ ಅದೇ ಗೌರವ ಕೊಡಬೇಕು. ಅದಕ್ಕೆ ಕೈ ಬಲ್ಲವರು ಬೇಕು. ಪಾಯಿಂಟ್ ಹೊಂದಿಸಬಲ್ಲ ಹಿರಿಯ ಮೆಕ್ಯಾನಿಕ್‌ಗಳು ಒಬ್ಬೊಬ್ಬರಾಗಿ ಗ್ಯಾರೇಜ್ ಮುಚ್ಚುತ್ತಿದ್ದಾರೆ, ಅವರ ಕೈಕೆಳಗೆ ಕಲಿತ ಹುಡುಗರಿಗೆ ಸ್ಕ್ಯಾನರ್ ಗೊತ್ತು, ಫೀಲರ್ ಗೇಜ್ ಗೊತ್ತಿಲ್ಲ. ಬೆಂಗಳೂರು, ಮೈಸೂರಿನಲ್ಲಿ ಹಳೆಯ ಕಾರುಗಳ ಮೆರವಣಿಗೆ ನಡೆಸುವವರು ವರ್ಷಕ್ಕೊಮ್ಮೆಯಾದರೂ ಅಂಥ ಹಿರಿಯರಿಗೆ ತಕ್ಕ ಸಂಭಾವನೆ ಕೊಟ್ಟು ಕರೆಸಿ, ಐಟಿಐ ವಿದ್ಯಾರ್ಥಿಗಳಿಗೆ ಒಂದು ದಿನದ ತರಬೇತಿ ಏರ್ಪಡಿಸಬೇಕು. ಅದಕ್ಕೆ ಇಡೀ ಕಾರೂ ಬೇಡ. ಒಂದು ಹಳೆಯ ಡಿಸ್ಟ್ರಿಬ್ಯೂಟರ್, ಒಂದು ಕಾಯಿಲ್, ಕಂಡೆನ್ಸರ್, ಬಾಡಿ ಅರ್ಥಿಂಗ್ ಕೊಟ್ಟ ಪ್ಲಗ್, 12 ವೋಲ್ಟಿನ ಬ್ಯಾಟರಿ ಇಷ್ಟನ್ನು ಬೆಂಚಿನ ಮೇಲೆ ಜೋಡಿಸಿಕೊಂಡರೆ, ಶಾಫ್ಟನ್ನು ಕೈಯಲ್ಲಿ ತಿರುಗಿಸಿಯೇ ಪಾಠ ಶುರು ಮಾಡಬಹುದು.