ತೊಟ್ಟಿ ಹಸಿರಾಯಿತೇಕೆ?

ಮಕ್ಕಳೇ, ಕಳೆದ ತಿಂಗಳು ಒಂದು ಬೆಳಗ್ಗೆ ಮೊಮ್ಮಗಳು ಅಳುಮುಖ ಮಾಡಿಕೊಂಡು ಬಂದಳು. "ತಾತಾ, ನೀರೆಲ್ಲ ಹಸಿರು! ಮೀನು ಮೇಲೆ ಬಂದು ಬಾಯಿ ಬಿಡ್ತಿವೆ."

ಕಿಟಕಿ ಪಕ್ಕದ ಗಾಜಿನ ತೊಟ್ಟಿಯನ್ನು ಖಾಲಿ ಮಾಡಿ, ಸೋಪು ಹಾಕಿ ತೊಳೆಯಲು ಹೊರಟಿದ್ದಳು. ತಡೆದೆ. ಸೋಪು ಮೀನಿಗೆ ವಿಷ.

ಆ ಹಸಿರು, ಕಣ್ಣಿಗೆ ಬಿಡಿಯಾಗಿ ಕಾಣದಷ್ಟು ಸಣ್ಣ ಪಾಚಿ. ಬೆಳಕು, ಗೊಬ್ಬರ ಸಿಕ್ಕರೆ ಅದಕ್ಕೆ ಹಬ್ಬ. ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು. ಗೊಬ್ಬರ ಎಲ್ಲಿಂದ? ಮೀನಿಗೆ ಊಟ ಹಾಕುವವರು ಯಾರೆಂದು ಕೇಳಿದೆ. ಬೆಳಗ್ಗೆ ಅವಳು, ಮಧ್ಯಾಹ್ನ ಅಜ್ಜಿ. ಸಂಜೆ? ನಾನೇ! ಮಿಕ್ಕಿದ್ದು ಕೊಳೆತು ಗೊಬ್ಬರವಾಗಿತ್ತು. ಹಗಲು ಆಮ್ಲಜನಕ ಕೊಡುವ ಪಾಚಿ ರಾತ್ರಿ ಅದನ್ನೇ ಬಳಸಿಕೊಳ್ಳುತ್ತದೆ. ಅದಕ್ಕೇ ಬೆಳಗ್ಗೆ ಮೀನುಗಳಿಗೆ ಉಸಿರು ಕಟ್ಟಿತ್ತು.

ಕಾಲು ಭಾಗ ನೀರು ತೆಗೆದು ಗುಲಾಬಿ ಕುಂಡಕ್ಕೆ ಸುರಿದೆವು. ಹಿಂದಿನ ದಿನ ಬಕೆಟ್‌ನಲ್ಲಿ ಹಿಡಿದಿಟ್ಟ ನೀರು ತುಂಬಿದೆವು. ಫಿಲ್ಟರ್ ಸ್ಪಂಜನ್ನು ತೊಟ್ಟಿಯ ನೀರಿನಲ್ಲೇ ಅದ್ದಿ ಹಿಂಡಿದೆವು. ಅದರಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಸಾಯಬಾರದು. ಬಿಸಿಲಿಗೆ ರಟ್ಟು ಅಡ್ಡ ಇಟ್ಟೆವು. ದೀಪ ದಿನಕ್ಕೆ 8 ಗಂಟೆ ಸಾಕು. ಗೊಬ್ಬರ ಹೀರಲಿ ಎಂದು ನೀರುಗಿಡ ನೆಟ್ಟೆವು. ಊಟ 2 ನಿಮಿಷದಲ್ಲಿ ತಿಂದು ಮುಗಿಸುವಷ್ಟೇ, ಅದೂ ಒಬ್ಬರೇ ಹಾಕುವುದು.

ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುತ್ತಾ ಬಂದೆವು. ಮೂರನೆಯ ವಾರ ನೀರು ತಿಳಿಯಾಯಿತು. ಎಣಿಸಿದರೆ 7 ಇದ್ದ ಗಪ್ಪಿಗಳು 11! ಮರಿ ಹಾಕಿದ್ದು ನಮಗೆ ಗೊತ್ತೇ ಆಗಿರಲಿಲ್ಲ.

ಗಾಜಿನ ಮೇಲೆ ತುಸು ಪಾಚಿ ಇದ್ದರೆ ಇರಲಿ ಬಿಡಿ. ಮರಿಗಳು ಅದನ್ನೂ ಮೆಲ್ಲುತ್ತವೆ.

ನಿಮ್ಮನೆ ಮೀನಿಗೆ ಎಷ್ಟು ಜನ ಊಟ ಹಾಕುತ್ತೀರಿ? ಇಂದೇ ಕೇಳಿ ನೋಡಿ.