ಹಾರಿದ್ದನ್ನು ಹಾರಿದ ದಿನವೇ ಬರೆಯಲಿ: ವಿಮಾನಯಾನ ಮಹಾನಿರ್ದೇಶಕರಿಗೊಂದು ಬಹಿರಂಗ ಪತ್ರ

ನಾಗರಿಕ ವಿಮಾನಯಾನ ಮಹಾನಿರ್ದೇಶಕರಿಗೆ,

ಮಾನ್ಯರೇ,

ತಮ್ಮ ಕಚೇರಿ ಕೊಟ್ಟ ಲೈಸೆನ್ಸಿನ ಮೇಲೆ ಮೂವತ್ತು ವರ್ಷ ವಿಮಾನ ಹಾರಿಸಿದವನು ನಾನು. ಅದರಲ್ಲಿ ಹನ್ನೊಂದು ವರ್ಷ ಮಕ್ಕಳಿಗೆ ಹಾರಾಟ ಕಲಿಸಿದ್ದೇನೆ. ಈಗ ನಿವೃತ್ತ. ಏರ್‌ಲೈನ್ ಸಂದರ್ಶನಕ್ಕೆ ಹೊರಟ ಹುಡುಗ ಹುಡುಗಿಯರು ಬೆಂಗಳೂರಿನ ನನ್ನ ಮನೆಗೆ ಲಾಗ್‌ಬುಕ್ ಹಿಡಿದು ಬರುತ್ತಾರೆ. "ಸರ್, ಒಂದು ಸಲ ಕಣ್ಣಾಡಿಸಿಬಿಡಿ" ಅನ್ನುತ್ತಾರೆ. ಊಟದ ಮೇಜಿನ ಮೇಲೆ ಹೀಗೆ ಹತ್ತಾರು ಪುಸ್ತಕ ಬಿಚ್ಚಿ ನೋಡಿದ ಮೇಲೆ ತಮಗೆ ಈ ಪತ್ರ ಬರೆಯಲೇಬೇಕು ಅನ್ನಿಸಿತು.

ಕಳೆದ ವರ್ಷ ಬಂದ ಒಬ್ಬ ಹುಡುಗನ ವಿಷಯ ಮೊದಲು ಹೇಳುತ್ತೇನೆ. ಅರಸೀಕೆರೆ ಕಡೆಯವನು. ತೆಂಗಿನ ತೋಟದ ಮೇಲೆ ಸಾಲ ತೆಗೆದು ಅಪ್ಪ ಓದಿಸಿದ್ದರು. ಬೇರೆ ರಾಜ್ಯದ ಶಾಲೆಯೊಂದರಲ್ಲಿ ಹಾರಾಟ ಕಲಿತು, ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಪಡೆದು, ಲಿಖಿತ ಪರೀಕ್ಷೆ, ಸಿಮ್ಯುಲೇಟರ್ ಪರೀಕ್ಷೆ ಎರಡನ್ನೂ ದಾಟಿ ಸಂದರ್ಶನದ ಕೋಣೆ ಮುಟ್ಟಿದ್ದ. ಅಲ್ಲಿ ಕುಳಿತಿದ್ದ ಹಿರಿಯ ಕ್ಯಾಪ್ಟನ್ ಅವನ ಲಾಗ್‌ಬುಕ್ಕಿನ ಒಂದು ಸಾಲಿನ ಮೇಲೆ ಬೆರಳಿಟ್ಟು ಕೇಳಿದರು: "ಈ ದಿನ ಈ ವಿಮಾನ ಹಾರಿಯೇ ಇಲ್ಲ ಅಂತ ನಿಮ್ಮ ಶಾಲೆಯವರೇ ಬರೆದುಕೊಟ್ಟಿದ್ದಾರೆ. ನೀವು ಹಾರಿಸಿದ್ದು ಯಾವುದನ್ನು?" ಹುಡುಗನಿಗೆ ಉತ್ತರ ಹೊಳೆಯಲಿಲ್ಲ. ಸಂದರ್ಶನ ಅಲ್ಲಿಗೇ ಮುಗಿಯಿತು.

ಅದು ಸಾಮಾನ್ಯ ಸಾಲಲ್ಲ. ಲೈಸೆನ್ಸಿಗೆ ಬೇಕಾದ 200 ಗಂಟೆಗಳಲ್ಲಿ 100 ಗಂಟೆ ತಾನೇ ಕಮಾಂಡರ್ ಆಗಿ ಹಾರಿಸಿರಬೇಕು; ಅದರೊಳಗೆ 20 ಗಂಟೆ ಕ್ರಾಸ್ ಕಂಟ್ರಿ ಇರಬೇಕು; ಅದರಲ್ಲೂ ಒಂದು ಹಾರಾಟ 300 ನಾಟಿಕಲ್ ಮೈಲಿಗೆ ಕಡಿಮೆಯಿಲ್ಲದೆ, ಬೇರೆ ಎರಡು ನಿಲ್ದಾಣಗಳಲ್ಲಿ ಇಳಿದು ಬಂದದ್ದಾಗಿರಬೇಕು. ಕ್ಯಾಪ್ಟನ್ ಬೆರಳಿಟ್ಟದ್ದು ಆ ಹಾರಾಟದ ಮೇಲೆ. ಆ ಸಾಲು ಸುಳ್ಳಾದರೆ ಲೈಸೆನ್ಸೇ ಸುಳ್ಳು.

ನನ್ನ ಮನೆಯಲ್ಲಿ ಕೂತು ಒಂದೊಂದೇ ನೆನಪು ಮಾಡಿಸಿದೆ. ಹಾರಾಟದ ಹಿಂದಿನ ಸಂಜೆ ಶಾಲೆಯ ಬೋರ್ಡಿನ ಮೇಲೆ ಅವನ ಹೆಸರಿಗೆ ಒಂದು ಸೆಸ್ನಾ ವಿಮಾನ ಬರೆದಿದ್ದರು. ಬೆಳಿಗ್ಗೆ ಅದರ ಬ್ರೇಕಿನಲ್ಲಿ ಏನೋ ದೋಷ ಕಂಡಿತು. ಪಕ್ಕದ ಸೆಸ್ನಾ ಕೊಟ್ಟರು. 3 ಗಂಟೆ 40 ನಿಮಿಷ ಒಬ್ಬನೇ ಹಾರಿ ಬಂದ. ಲಾಗ್‌ಬುಕ್ ತುಂಬಿದ್ದು ಮಾತ್ರ ಹದಿನೈದು ದಿನಗಳ ನಂತರ, ಹಾಸ್ಟೆಲ್ ಮಂಚದ ಮೇಲೆ ಕೂತು, ಬೋರ್ಡಿನ ಫೋಟೋ ನೋಡಿಕೊಂಡು. ಬೋರ್ಡಿನಲ್ಲಿದ್ದದ್ದು ಮೊದಲ ವಿಮಾನದ ನೋಂದಣಿ. ಎರಡಕ್ಕೂ ಇದ್ದ ವ್ಯತ್ಯಾಸ ಕೊನೆಯ ಒಂದೇ ಅಕ್ಷರ. ಅವನ ಫೋನಿನಲ್ಲೇ ಹುಡುಕಿದಾಗ ದಾರಿಯ ನಿಲ್ದಾಣದಲ್ಲಿ ವಿಮಾನದ ರೆಕ್ಕೆ ಹಿಡಿದು ನಗುತ್ತ ನಿಂತ ಚಿತ್ರ ಸಿಕ್ಕಿತು. ಹಿಂದೆ ನೋಂದಣಿಯ ಅಕ್ಷರಗಳು ಸ್ಪಷ್ಟವಾಗಿದ್ದವು. ಹುಡುಗ ಹಾರಿದ್ದು ನಿಜ. ಬರೆದದ್ದು ತಪ್ಪು.

ನನ್ನ ತಂದೆ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ಎಷ್ಟೇ ರಾತ್ರಿಯಾಗಲಿ, ಆ ದಿನದ ಕಿರ್ದಿ ಬರೆದು, ಮೊತ್ತ ತಾಳೆ ನೋಡದೆ ಅಂಗಡಿಯ ದೀಪ ಆರಿಸುತ್ತಿರಲಿಲ್ಲ. ತಪ್ಪಾದರೆ ಉಜ್ಜುತ್ತಿರಲಿಲ್ಲ, ಹಳೆಯ ಅಂಕಿ ಕಾಣುವಂತೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ರುಜು ಹಾಕುತ್ತಿದ್ದರು. "ನಾಳೆ ಬರೆದರೆ ನಿನ್ನೆಯದು ಊಹೆಯಾಗುತ್ತದೆ ಮಗಾ" ಅನ್ನುತ್ತಿದ್ದರು. ಪೈಲಟ್ ತನ್ನ ಲಾಗ್‌ಬುಕ್ಕನ್ನು ಶಾಯಿಯಲ್ಲಿ ಬರೆದು ಕಾಪಾಡಿಕೊಳ್ಳಬೇಕೆಂದು 1937ರ ವಿಮಾನ ನಿಯಮಗಳು ಹೇಳುವುದನ್ನು ಓದಿದಾಗ ನನಗೆ ನೆನಪಾದದ್ದು ಆ ಕಿರ್ದಿ.

ನನ್ನ ಮೇಜಿಗೆ ಬರುವ ಪುಸ್ತಕಗಳಲ್ಲಿ ವಂಚನೆ ಅಪರೂಪ. ಬಹುಪಾಲು ಕಲಿಸದೇ ಬಿಟ್ಟದ್ದರ ಫಲ. ಹಾರಾಟದ ಅವಧಿ ಎಂದರೆ ಟೇಕಾಫ್‌ಗೆಂದು ವಿಮಾನ ಮೊದಲು ಅಲುಗಿದ ಕ್ಷಣದಿಂದ ಕೊನೆಗೆ ನಿಂತ ಕ್ಷಣದವರೆಗೆ. ಕೆಲವರು ನೆಲ ಬಿಟ್ಟಲ್ಲಿಂದ ನೆಲ ಮುಟ್ಟುವವರೆಗೆ ಎಣಿಸುತ್ತಾರೆ. ಇನ್ನು ಕೆಲವರು ಒಂದು ತಿಂಗಳು ಹಾಗೆ, ಮುಂದಿನ ತಿಂಗಳು ಹೀಗೆ. 1 ಗಂಟೆ 45 ನಿಮಿಷವನ್ನು ದಶಮಾಂಶದಲ್ಲಿ 1.75 ಎಂದು ಬರೆಯುವ ಬದಲು 1.45 ಎಂದು ಬರೆದು ಕೂಡಿಸುತ್ತ ಹೋದವರಿದ್ದಾರೆ. ಸಿಮ್ಯುಲೇಟರಿನಲ್ಲಿ ಕೂತ ಗಂಟೆಗಳು ಹಾರಾಟದ ಒಟ್ಟು ಮೊತ್ತಕ್ಕೆ ಸೇರಿಹೋಗಿರುತ್ತವೆ. ಶಿಕ್ಷಕರು ಪಕ್ಕದಲ್ಲಿದ್ದ ಹಾರಾಟ ಕಮಾಂಡರ್ ಕಾಲಮ್ಮಿಗೆ ಜಾರಿರುತ್ತದೆ. ಕೆಲಸಕ್ಕೆ ಸೇರಿದ ಮೇಲೆ ವೇಳೆಯನ್ನು ಯುಟಿಸಿ ಎಂಬ ವಿಶ್ವ ಸಮಯದಲ್ಲಿ ಬರೆಯುವಾಗ ಇನ್ನೊಂದು ಗುಂಡಿ: ನಮ್ಮ ಬೆಳಗಿನ 5 ಗಂಟೆ ಅಲ್ಲಿ ಹಿಂದಿನ ದಿನದ ರಾತ್ರಿ 11.30. ವೇಳೆ ಬದಲಿಸಿ ತಾರೀಖು ಬದಲಿಸದಿದ್ದರೆ ಆ ಹಾರಾಟ ಯಾವ ದಾಖಲೆಗೂ ಹೊಂದುವುದಿಲ್ಲ. ಹತ್ತನೇ ಪುಟದ ಕೂಡಿಕೆಯಲ್ಲಾದ ತಪ್ಪು, ಪುಟದಿಂದ ಪುಟಕ್ಕೆ ಮೊತ್ತ ಎತ್ತಿ ಬರೆದಂತೆಲ್ಲ, ಎಂಬತ್ತನೇ ಪುಟದವರೆಗೂ ನಡೆದುಕೊಂಡು ಬರುತ್ತದೆ.

ಸಂದರ್ಶಕರು ಲಾಗ್‌ಬುಕ್ಕನ್ನು ಅನುಮಾನದಿಂದ ನೋಡುವುದಕ್ಕೂ ಕಾರಣವಿದೆ. ಹಾರದೇ ಬರೆದ ಗಂಟೆಗಳಿಗೆ ಪೈಲಟ್‌ಗಳ ಮಾತಿನಲ್ಲಿ 'ಪಾರ್ಕರ್ ಪೆನ್ ಅವರ್ಸ್' ಎಂಬ ಹೆಸರೇ ಇದೆ. 2011ರಲ್ಲಿ ಗೋವಾದಲ್ಲಿ ಮೂಗಿನ ಚಕ್ರದ ಮೇಲೆ ಇಳಿದ ಒಂದು ವಿಮಾನದ ಜಾಡು ಹಿಡಿದು ಹೊರಟಾಗ ಪೈಲಟ್‌ಗಳು ಲೈಸೆನ್ಸಿಗಾಗಿ ಕೊಟ್ಟಿದ್ದ ನಕಲಿ ಅಂಕಪಟ್ಟಿಗಳು ಬಯಲಾದವು. ಅದೇ ವರ್ಷ ರಾಜಸ್ಥಾನದಲ್ಲಿ ಹಾರದ ಗಂಟೆಗಳನ್ನು ಹಾರಿದಂತೆ ತೋರಿಸಿದ ಪ್ರಕರಣ ಹೊರಬಂತು. 2020ರ ಜೂನ್‌ನಲ್ಲಿ ಪಾಕಿಸ್ತಾನದ ವಿಮಾನಯಾನ ಸಚಿವರು ತಮ್ಮ ದೇಶದ 860 ಪೈಲಟ್‌ಗಳಲ್ಲಿ 262 ಮಂದಿಯ ಲೈಸೆನ್ಸ್ ಸಂಶಯಾಸ್ಪದ ಎಂದು ಸಂಸತ್ತಿನಲ್ಲೇ ಹೇಳಿದರು. ಕೆಲವೇ ದಿನಗಳಲ್ಲಿ ಯುರೋಪು ಪಾಕಿಸ್ತಾನದ ರಾಷ್ಟ್ರೀಯ ವಿಮಾನ ಸಂಸ್ಥೆಗೆ ಬಾಗಿಲು ಮುಚ್ಚಿತು. ಆ ಬಾಗಿಲು ತೆರೆದದ್ದು 2024ರ ನವೆಂಬರ್‌ನಲ್ಲಿ. ಹೊರದೇಶಗಳಲ್ಲಿ ದುಡಿಯುತ್ತಿದ್ದ ಪ್ರಾಮಾಣಿಕ ಪಾಕಿಸ್ತಾನಿ ಪೈಲಟ್‌ಗಳನ್ನೂ ಕೆಳಗಿಳಿಸಿ ಕೂರಿಸಿದರು. ಒಬ್ಬ ಸುಳ್ಳು ಬರೆದರೆ ನಿಜ ಬರೆದ ಹತ್ತು ಜನ ಸಾಕ್ಷಿ ಹುಡುಕಿಕೊಂಡು ಅಲೆಯಬೇಕಾಗುತ್ತದೆ.

ಹಾಗಾಗಿ ಪರಿಶೀಲನೆ ಸಡಿಲಿಸಿ ಎಂದು ನಾನು ಕೇಳುತ್ತಿಲ್ಲ. ಹಾರದೇ ಬರೆದವರಿಗೆ ದಯೆ ಬೇಡ. ಅವರ ಹಿಂದೆ ಪ್ರಯಾಣಿಕರು ಕೂರುತ್ತಾರೆ. ನನ್ನ ಬೇಡಿಕೆ ನಿಜವಾಗಿ ಹಾರಿದವರ ಪರವಾಗಿ: ಅವರ ಪುಸ್ತಕ ಮೊದಲ ದಿನದಿಂದಲೇ ಸರಿಯಾಗಿರುವಂತೆ, ತಪ್ಪಿದ್ದರೆ ನೇರ ದಾರಿಯಲ್ಲಿ ತಿದ್ದಿಕೊಳ್ಳುವಂತೆ ವ್ಯವಸ್ಥೆ ಮಾಡಿ.

ಒಂದನೆಯದಾಗಿ, ಮೊದಲ ಹಾರಾಟಕ್ಕೂ ಮುಂಚೆ ಲಾಗ್‌ಬುಕ್ ಬರೆಯುವುದನ್ನು ತರಗತಿಯಲ್ಲಿ ಪಾಠವಾಗಿ ಕಲಿಸಲಿ. ಇಂಜಿನ್, ಹವಾಮಾನ ಕಲಿಸುವ ಶಾಲೆಗಳು ಇದನ್ನು ಹಾಸ್ಟೆಲ್ ಸೀನಿಯರ್‌ಗಳಿಗೆ ಬಿಟ್ಟಿವೆ. ಸೀನಿಯರ್ ಮಾಡಿದ ತಪ್ಪು ಜೂನಿಯರ್‌ಗೆ ಪದ್ಧತಿಯಾಗುತ್ತದೆ.

ಎರಡನೆಯದಾಗಿ, ಪ್ರತಿ ತಿಂಗಳ ಕೊನೆಗೆ ವಿದ್ಯಾರ್ಥಿಯ ಪುಸ್ತಕವನ್ನು ವಿಮಾನದ ಸ್ವಂತ ದಾಖಲೆಯಾದ ಟೆಕ್ ಲಾಗ್ ಜೊತೆಗೂ ಶಾಲೆಯ ಹಾರಾಟ ಅನುಮತಿ ಪುಸ್ತಕದ ಜೊತೆಗೂ ಸಾಲು ಸಾಲಾಗಿ ತಾಳೆ ನೋಡಲಿ. ಶಿಕ್ಷಕರು, ಮುಖ್ಯ ಶಿಕ್ಷಕರು ಸಹಿ ಹಾಕಿ, ಆ ದಾಖಲೆಗಳ ದೃಢೀಕೃತ ಪ್ರತಿಯನ್ನು ವಿದ್ಯಾರ್ಥಿಯ ಕೈಗೇ ಕೊಡಲಿ. ಹೀಗೆ ಮಾಡಿದ್ದರೆ ಅರಸೀಕೆರೆ ಹುಡುಗನ ಆ ಒಂದು ಅಕ್ಷರ ತಿಂಗಳೊಳಗೇ ಸಿಕ್ಕಿಬೀಳುತ್ತಿತ್ತು.

ಮೂರನೆಯದಾಗಿ, ವಿಮಾನ ಕಂಪನಿಯಾಗಲಿ ಹಳೆಯ ವಿದ್ಯಾರ್ಥಿಯಾಗಲಿ ದಾಖಲೆ ಕೇಳಿದರೆ ಶಾಲೆ ಹದಿನೈದು ದಿನದೊಳಗೆ ಉತ್ತರ ಕೊಡಬೇಕೆಂದು ಗಡುವು ಹಾಕಿ. 'ಆ ವಿಮಾನ ಹಾರಿಲ್ಲ' ಎಂದಷ್ಟೇ ಬರೆದು ಕೈತೊಳೆದುಕೊಳ್ಳದೆ, ಆ ದಿನ ಆ ಹುಡುಗನ ಹೆಸರಿನಲ್ಲಿ ಬೇರೆ ವಿಮಾನ ಹಾರಿತ್ತೇ ಎಂಬುದನ್ನೂ ನೋಡಿ ಹೇಳಲಿ. ಶಾಲೆ ಮುಚ್ಚಿದರೆ ಅದರ ದಾಖಲೆಗಳು ತಮ್ಮ ಕಚೇರಿಯ ವಶಕ್ಕೆ ಬರಲಿ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ತಿದ್ದುಪಡಿಗೆ ಒಂದು ಸ್ಪಷ್ಟ ಕ್ರಮ ಗೊತ್ತುಮಾಡಿ ಎಲ್ಲರಿಗೂ ತಿಳಿಸಿ. ತಪ್ಪು ಒಪ್ಪಿಕೊಂಡರೆ ವಂಚಕ ಅಂದುಬಿಡುತ್ತಾರೆಂಬ ಭಯದಲ್ಲಿ ಮಕ್ಕಳು ವೈಟ್ನರ್ ಬಳಿಯುತ್ತಾರೆ, ಇಡೀ ಪುಸ್ತಕವನ್ನೇ ಹೊಸದಾಗಿ ಬರೆಯುತ್ತಾರೆ. ಅಲ್ಲಿಗೆ ಪ್ರಾಮಾಣಿಕ ತಪ್ಪಿಗೂ ಕಳ್ಳತನದ ಬಣ್ಣ ಬರುತ್ತದೆ. ಆಧಾರ ಸಮೇತ ತಿದ್ದಿ ದೃಢೀಕರಿಸಿದ ಸಾಲನ್ನು ದೋಷವೆಂದು ಎಣಿಸಬಾರದು ಎಂದು ಕಂಪನಿಗಳಿಗೂ ತಿಳಿಸಿ.

ತಮ್ಮ ಕಚೇರಿ ಇ-ಜಿಸಿಎ ಎಂಬ ಆನ್‌ಲೈನ್ ವ್ಯವಸ್ಥೆ ತಂದಿದೆ. 2025ರ ಫೆಬ್ರವರಿಯಿಂದ ಪೈಲಟ್‌ಗಳಿಗೆ ಎಲೆಕ್ಟ್ರಾನಿಕ್ ಲೈಸೆನ್ಸ್ ಕೊಡುತ್ತಿದೆ. ಸಂತೋಷದ ವಿಷಯ. ಆದರೆ ಕಂಪ್ಯೂಟರಿಗೆ ಹೋಗುವುದು ಹುಡುಗರು ಹಾಸ್ಟೆಲ್ ಮಂಚದ ಮೇಲೆ ಕೂತು ತುಂಬಿದ್ದೇ. ಬರೆಯುವ ಕೈ ತಪ್ಪಿದರೆ ತೆರೆಯ ಮೇಲೂ ಅದೇ ತಪ್ಪು ಕೂರುತ್ತದೆ.

ಅರಸೀಕೆರೆಯ ಹುಡುಗನಿಗೆ ಶಾಲೆಯಿಂದ ಟೆಕ್ ಲಾಗ್ ಪ್ರತಿ ಬರಲು ಏಳು ತಿಂಗಳು ಹಿಡಿಯಿತು. ಅದರಲ್ಲಿ ಅವನ ಹೆಸರು, ಎರಡನೇ ವಿಮಾನದ ನೋಂದಣಿ, 3 ಗಂಟೆ 40 ನಿಮಿಷ ಎಲ್ಲವೂ ಇವೆ. ಅಷ್ಟರಲ್ಲಿ ಆ ನೇಮಕಾತಿ ಮುಗಿದಿತ್ತು. ನನ್ನೆದುರೇ ಅವನು ಆ ಸಾಲಿನ ಮೇಲೆ ಒಂದು ಗೆರೆ ಎಳೆದ, ಕೆಳಗೆ ಸರಿಯಾದ ಅಕ್ಷರಗಳನ್ನು ಬರೆದ, ತಾರೀಖು ಹಾಕಿದ. ದೃಢೀಕರಣದ ಸಹಿ ಮಾತ್ರ ಇನ್ನೂ ಬಿದ್ದಿಲ್ಲ. ಅಂದಿನ ಮುಖ್ಯ ಶಿಕ್ಷಕರು ಕೆಲಸ ಬಿಟ್ಟು ಹೋಗಿದ್ದಾರೆ. ಈಗಿನವರು, ತಮ್ಮ ಕಾಲದ್ದಲ್ಲ ಎನ್ನುತ್ತಾರೆ.

ಆ ಖಾಲಿ ಜಾಗದಲ್ಲಿ ಯಾರು ಸಹಿ ಹಾಕಬೇಕು ಎಂಬುದನ್ನು ದಯವಿಟ್ಟು ತಾವು ಹೇಳಬೇಕು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಹಾರಾಟ ಶಿಕ್ಷಕ
ಬೆಂಗಳೂರು