ಮದ್ದಿನ ಅಡಿಕೆ, ಚಟದ ಅಡಿಕೆ

ಸೊರಬ, ಶಿಕಾರಿಪುರದ ಕಡೆ ಅಡಿಕೆಯ ಮಾತು ತೆಗೆದರೆ ಅದು ಮೊದಲು ಧಾರಣೆಗೆ ಹೋಗುತ್ತದೆ. ರಾಶಿ ಎಷ್ಟಕ್ಕೆ ನಿಂತಿತು, ಬೆಟ್ಟೆ ಎಷ್ಟಕ್ಕೆ ಹೋಯಿತು, ಈ ಮಳೆಗಾಲದಲ್ಲಿ ಕೊಳೆ ಎಷ್ಟು ಉದುರಿಸಿತು. ಚಂದ್ರಗುತ್ತಿ, ಉಳವಿ ಕಡೆಯ ಹಳೆಯ ತೋಟಗಳಷ್ಟೇ ಅಲ್ಲ, ಆನವಟ್ಟಿ, ಶಿರಾಳಕೊಪ್ಪದ ಸುತ್ತ ಭತ್ತದ ಗದ್ದೆ, ಮೆಕ್ಕೆಜೋಳದ ಹೊಲಗಳಲ್ಲೂ ಈಗ ಅಡಿಕೆ ಸಸಿ ಎದ್ದಿದೆ. ಮಗಳ ಮದುವೆ, ಮಗನ ಓದು, ಸೊಸೈಟಿ ಸಾಲ ಎಲ್ಲವೂ ಇದೇ ಫಸಲನ್ನು ನಂಬಿರುವಾಗ, ಅಡಿಕೆ ಕ್ಯಾನ್ಸರ್ ತರುತ್ತದೆ ಎಂಬ ಮಾತನ್ನು ತಣ್ಣಗೆ ಕೂತು ಕೇಳುವುದು ಯಾರಿಗೂ ಸುಲಭವಲ್ಲ. ಹಾಗಾಗಿ ಜನ ಎರಡು ಪಾಳಯವಾಗಿದ್ದಾರೆ. ಅಜ್ಜ ಕವಳ ಹಾಕುತ್ತಲೇ ತೊಂಬತ್ತು ದಾಟಿದ, ಅಡಿಕೆ ಔಷಧಿ, ಹೊಗೆಸೊಪ್ಪೊಂದೇ ವಿಷ ಎನ್ನುವುದು ಒಂದು. ಅಡಿಕೆ ಎಂದರೇ ಬಾಯಿ ಕ್ಯಾನ್ಸರ್ ಎನ್ನುವುದು ಇನ್ನೊಂದು. ಎರಡರಲ್ಲೂ ಸತ್ಯದ ಪಾಲಿದೆ, ಆದರೆ ಪಾಲು ಸಮವಲ್ಲ.

ಔಷಧಿಯ ಪಕ್ಷವನ್ನು ಮೊದಲು ನೋಡೋಣ, ಅದು ಹಗುರವಾದ ಪಕ್ಷವಲ್ಲ. ಆಯುರ್ವೇದಕ್ಕೆ ಅಡಿಕೆ ಪರಿಚಿತ ದ್ರವ್ಯ. ಊಟದ ಮೇಲಿನ ತಾಂಬೂಲಕ್ಕೆ ಹಳೆಯ ವೈದ್ಯಗ್ರಂಥಗಳಲ್ಲೇ ಜಾಗವಿದೆ. ಚೀನೀಯರೂ ಅಡಿಕೆಯನ್ನು ಮದ್ದೆಂದು ತೂಗಿ, ಅಳೆದು, ಸರ್ಕಾರಿ ಔಷಧಕೋಶದಲ್ಲಿ ಬರೆದಿಟ್ಟಿದ್ದಾರೆ. ಅವರ ಸಾಂಪ್ರದಾಯಿಕ ವೈದ್ಯದಲ್ಲಿ ಇದರ ಹೆಸರು ಬಿಂಗ್‌ಲಾಂಗ್. ಬೀಜ ಒಂದು ಔಷಧಿ, ಸಿಪ್ಪೆ ಇನ್ನೊಂದು, ಹುರಿದು ಕಂದಿಸಿದ ಬೀಜ ಮತ್ತೊಂದು. ಹೊಟ್ಟೆಯುಬ್ಬರ, ಅಜೀರ್ಣ, ಮೈ ಬಾವು, ಚಳಿಜ್ವರ, ಎಲ್ಲಕ್ಕಿಂತ ಹೆಚ್ಚಾಗಿ ಹೊಟ್ಟೆಹುಳುವಿಗೆ ಇವುಗಳ ಬಳಕೆ. ಮಿಂಗ್ ಅರಸೊತ್ತಿಗೆಯ ಕೊನೆಗಾಲದ ಸಾಂಕ್ರಾಮಿಕಗಳನ್ನು ಕಂಡ ವೈದ್ಯ ವೂ ಯೌಶಿಂಗ್ 1642ರಲ್ಲಿ ಬರೆದ ಗ್ರಂಥದ ಹೆಸರಾಂತ ಕಷಾಯದಲ್ಲಿ ಅಡಿಕೆಯೇ ಮುಖ್ಯ ಸಾಮಗ್ರಿಗಳಲ್ಲೊಂದು. ಇಂದಿನ ಚೀನೀ ಔಷಧಕೋಶ ಹೇಳುವ ಪ್ರಮಾಣ ಸಾಮಾನ್ಯ ತೊಂದರೆಗೆ 3ರಿಂದ 10 ಗ್ರಾಂ, ಲಾಡಿಹುಳು ಕೆಡವಲು 30ರಿಂದ 60 ಗ್ರಾಂ.

ಈ ಲಾಡಿಹುಳುವಿನ ಚಿಕಿತ್ಸೆ ಬರೀ ನಂಬಿಕೆಯ ಮಾತಲ್ಲ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಕ್ಷಾರಸತ್ವ ಹುಳುವಿಗೆ ಲಕ್ವ ಹೊಡೆಸುತ್ತದೆ, ಜೊತೆಗೇ ಕರುಳಿನ ಚಲನೆ ಹೆಚ್ಚಿಸುತ್ತದೆ. ಹಿಡಿತ ಬಿಟ್ಟ ಹುಳು ಹೊರಬೀಳುತ್ತದೆ. ಸಿಚುವಾನ್ ಪ್ರಾಂತ್ಯದ ಹಳ್ಳಿಗಳಲ್ಲಿ ಸಿಹಿಗುಂಬಳದ ಬೀಜ, ಅಡಿಕೆ ಕಷಾಯ ಎರಡನ್ನೂ ಕೊಟ್ಟು ನೋಡಿದ ಅಧ್ಯಯನದಲ್ಲಿ, ಬಿಡಿಬಿಡಿಯಾಗಿ ಕೊಟ್ಟಿದ್ದಕ್ಕಿಂತ ಕೂಡಿಸಿ ಕೊಟ್ಟಾಗ ಹೆಚ್ಚು ಜನರಿಗೆ ಗುಣ ಸಿಕ್ಕಿತು. ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳಲ್ಲಿ ಕುರಿ ಕಾಯುವ ನಾಯಿಗಳ ಹೊಟ್ಟೆಹುಳು ಕೆಡವಲು ಪಶುವೈದ್ಯರು ದಶಕಗಳ ಕಾಲ ಇದೇ ಅರೆಕೋಲಿನ್ ಬಳಸಿದರು.

ಹೊಸ ವಿಜ್ಞಾನದಲ್ಲೂ ಅಡಿಕೆಯ ಹೆಸರಿದೆ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದವರು 2016ರಲ್ಲಿ, ಶುದ್ಧೀಕರಿಸಿದ ಅರೆಕೋಲಿನ್ ಲವಣ ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆ ತಗ್ಗಿಸಿತೆಂದು ಪ್ರಕಟಿಸಿದರು. ನಮ್ಮ ಬೆಳೆಗಾರರ ಸಭೆಗಳಲ್ಲಿ ಪದೇಪದೇ ಕೇಳಿಬರುವ ಸಂಶೋಧನೆ ಇದು. ಇನ್ನೂ ದೊಡ್ಡ ಸುದ್ದಿ 2024ರ ಸೆಪ್ಟೆಂಬರ್‌ನದು. ಅಂದು ಅಮೆರಿಕದ ಔಷಧ ನಿಯಂತ್ರಕರು ಸ್ಕಿಜೋಫ್ರೇನಿಯಾಕ್ಕೆ ಒಪ್ಪಿಗೆ ಕೊಟ್ಟ ಹೊಸ ಔಷಧಿಯಲ್ಲಿ ಝನೋಮೆಲಿನ್ ಎಂಬ ಅಂಶವಿದೆ. ಅದನ್ನು ರೂಪಿಸಿದ್ದು ಅರೆಕೋಲಿನ್ನಿನ ರಚನೆಯನ್ನು ಮಾದರಿಯಾಗಿಟ್ಟುಕೊಂಡು.

ಇಷ್ಟೆಲ್ಲ ಇದ್ದ ಮೇಲೆ ಅಡಿಕೆಗೆ ಔಷಧಿಯ ಗುಣವಿಲ್ಲ ಎನ್ನುವವರು ಓದಿಲ್ಲ ಎಂದೇ ಹೇಳಬೇಕು. ಆದರೆ ಈ ಉದಾಹರಣೆಗಳನ್ನೇ ಇನ್ನೊಮ್ಮೆ ನೋಡಿ. ಕಷಾಯವನ್ನು ತೂಕಕ್ಕೆ ತಕ್ಕಂತೆ ಕಾಸಿ ಕುಡಿಸುತ್ತಾರೆ, ಹುಳು ಬಿದ್ದ ಮೇಲೆ ನಿಲ್ಲಿಸುತ್ತಾರೆ. ಎಮೊರಿಯವರು ಕೊಟ್ಟಿದ್ದು ಶುದ್ಧ ರಾಸಾಯನಿಕ, ಪಡೆದದ್ದು ಇಲಿ. ಝನೋಮೆಲಿನ್‌ಗಾಗಿ ಅರೆಕೋಲಿನ್ನಿನ ಆಕಾರವನ್ನೇ ಬದಲಿಸಿದರು, ಅದೂ ಸಾಲದೆ ಹೊಟ್ಟೆ ತೊಳಸುವಿಕೆಯಂಥ ಅಡ್ಡಪರಿಣಾಮ ತಡೆಯಲು ಇನ್ನೊಂದು ಔಷಧಿಯನ್ನು ಜೋಡಿಸಿದರು. ಹೊಟ್ಟೆಹುಳುವಿಗೂ ಈಗ ಅಡಿಕೆ ಅನಿವಾರ್ಯವಲ್ಲ. ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್ ಇದೆ. ಸಾಮಾನ್ಯ ಜಂತುವಿಗೆ ಶಾಲೆ, ಅಂಗನವಾಡಿಗಳಲ್ಲಿ ಆಲ್ಬೆಂಡಜೋಲ್ ಮಾತ್ರೆ ಕೊಡುತ್ತಾರೆ. ಇವು ಅಗ್ಗ, ಅಳತೆ ಖಚಿತ.

ಈಗ ಇನ್ನೊಂದು ಪಕ್ಷ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐಎಆರ್‌ಸಿ 1985ರಲ್ಲಿ ಹೊಗೆಸೊಪ್ಪು ಹಾಕಿದ ಕವಳವನ್ನು ಮಾತ್ರ ಕ್ಯಾನ್ಸರ್‌ಕಾರಕ ಎಂದಿತ್ತು. ಬರೀ ಎಲೆಯಡಿಕೆಯ ಬಗ್ಗೆ ಪುರಾವೆ ಸಾಲದು ಎಂದು ಕೈಬಿಟ್ಟಿತ್ತು. 2004ರ ವರದಿಯಲ್ಲಿ ಆ ಮಾತು ಬದಲಾಯಿತು. ಹೊಗೆಸೊಪ್ಪು ಇಲ್ಲದ ಕವಳವೂ, ಅಡಿಕೆಯೂ ಗುಂಪು 1ಕ್ಕೆ ಸೇರಿದವು. ಈ ಬದಲಾವಣೆಗೆ ಮುಖ್ಯ ಆಧಾರ ತೈವಾನಿನ ಅಧ್ಯಯನಗಳು, ಏಕೆಂದರೆ ಅಲ್ಲಿ ಕವಳಕ್ಕೆ ಹೊಗೆಸೊಪ್ಪು ಹಾಕುವ ರೂಢಿಯೇ ಇಲ್ಲ. ಅರೆಕೋಲಿನ್ನನ್ನು ಪ್ರತ್ಯೇಕವಾಗಿ ಪರಿಶೀಲಿಸಿದ ಸಂಸ್ಥೆ ಅದನ್ನು ಕ್ಯಾನ್ಸರ್ ತರುವ ಸಾಧ್ಯತೆಯಿರುವ 2ಬಿ ಗುಂಪಿಗೆ ಹಾಕಿದೆ.

ಕ್ಯಾನ್ಸರಿಗೂ ಮೊದಲು ಬರುವ ಕಾಯಿಲೆಯೊಂದಿದೆ. ಕೆನ್ನೆಯ ಒಳಪದರ ಬಿಳಿಚಿ, ನಾರುಗಟ್ಟಿ, ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಖಾರದ ಸಾರು ತಾಗಿದರೆ ಉರಿಯುತ್ತದೆ. ದಂತವೈದ್ಯರು ಇದನ್ನು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. 1952ರಲ್ಲಿ ಪೂರ್ವ ಆಫ್ರಿಕದಲ್ಲಿದ್ದ ಐವರು ಭಾರತೀಯ ಮಹಿಳೆಯರಲ್ಲಿ ಇದನ್ನು ಮೊದಲು ಗುರುತಿಸಿ ಬರೆದರು. ಇದರ ಮೂಲ ಹೊಗೆಸೊಪ್ಪಲ್ಲ, ಅಡಿಕೆ ಎಂಬುದರಲ್ಲಿ ವೈದ್ಯಲೋಕಕ್ಕೆ ಈಗ ಅನುಮಾನವಿಲ್ಲ. ಕೇರಳದ ಎರ್ನಾಕುಲಂನಲ್ಲಿ ಇಂಥ 66 ರೋಗಿಗಳನ್ನು 17 ವರ್ಷ ಹಿಂಬಾಲಿಸಿ ನೋಡಿದಾಗ ಶೇಕಡಾ 7.6 ಮಂದಿಗೆ ಬಾಯಿ ಕ್ಯಾನ್ಸರ್ ಆಗಿತ್ತು. ಇದಲ್ಲದೆ ಅಸ್ತಮಾ ಇರುವವರಿಗೆ ಅಡಿಕೆ ಉಬ್ಬಸ ಕೆರಳಿಸಬಹುದು. ಬಸುರಿಯರು ಅಗಿದರೆ ಮಗುವಿನ ತೂಕ ಕಡಿಮೆಯಾಗುವುದಕ್ಕೂ ನಂಟು ಕಂಡಿದೆ. ಹಸಿ ಅಡಿಕೆ ತಿಂದು ಬೆವೆತು ತಲೆ ತಿರುಗಿದರೆ ನಮ್ಮವರು ಸೊಕ್ಕಿತು ಎನ್ನುತ್ತಾರಲ್ಲ, ಅದೂ ಅರೆಕೋಲಿನ್ನಿನದೇ ಕೆಲಸ. ನಿಕೋಟಿನ್ ಮುಟ್ಟುವ ನರಗಳ ತಾಣವನ್ನೇ ಅದೂ ಮುಟ್ಟುವುದರಿಂದ ಕವಳ ಬಿಡುವುದು ಇಷ್ಟು ಕಷ್ಟ.

ಬೆಳೆಗಾರರ ಆಕ್ಷೇಪಗಳನ್ನು ತಳ್ಳಿಹಾಕುವಂತಿಲ್ಲ, ಒಂದೊಂದಾಗಿ ತೂಗಬೇಕು. ಗುಂಪು 1 ಎಂದೊಡನೆ ಅಡಿಕೆಯನ್ನು ವಿಷದ ಸಾಲಿಗೆ ಸೇರಿಸುವುದು ತಪ್ಪು ಎನ್ನುತ್ತಾರೆ. ನಿಜ. ಆ ಗುಂಪು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಮದ್ಯ, ಸಂಸ್ಕರಿಸಿದ ಮಾಂಸ, ಬಿಸಿಲು ಕೂಡ ಅದೇ ಗುಂಪಿನಲ್ಲಿವೆ. ಅಂಕಿಗಳಲ್ಲಿ ಹೊಗೆಸೊಪ್ಪನ್ನೂ ಅಡಿಕೆಯನ್ನೂ ಬೆರೆಸಿದ್ದಾರೆ ಎಂಬ ದೂರೂ ಬಹುಮಟ್ಟಿಗೆ ನ್ಯಾಯವಾದದ್ದು. 2024ರಲ್ಲಿ ಲ್ಯಾನ್ಸೆಟ್ ಆಂಕಾಲಜಿ ಪತ್ರಿಕೆಯಲ್ಲಿ ಬಂದ ಅಂದಾಜಿನ ಪ್ರಕಾರ 2022ರಲ್ಲಿ ಜಗತ್ತಿನ ಬಾಯಿ ಕ್ಯಾನ್ಸರ್ ಪ್ರಕರಣಗಳಲ್ಲಿ ಸುಮಾರು 1,20,200ಕ್ಕೆ ಹೊಗೆರಹಿತ ತಂಬಾಕು ಅಥವಾ ಅಡಿಕೆ ಕಾರಣ. ಅವುಗಳಲ್ಲಿ 83,400 ಭಾರತದವು. ಇಷ್ಟನ್ನೂ ಅಡಿಕೆಯ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಬೆರೆತ ಲೆಕ್ಕದಿಂದ ಅಡಿಕೆ ಪೂರ್ತಿ ಪಾರಾಗುವುದೂ ಇಲ್ಲ. ತೈವಾನಿನ ಅಧ್ಯಯನಗಳೂ ಬಾಯಿ ಬಿಗಿಯುವ ಕಾಯಿಲೆಯೂ ಹಾಗೆ ಪಾರಾಗಲು ಬಿಡುವುದಿಲ್ಲ.

ಮಲೆನಾಡಿನ ಕೆಂಪಡಿಕೆಯ ಸಂಗತಿಯೇ ಬೇರೆ ಎಂಬ ವಾದವೂ ಇದೆ. ಎಳೆಗಾಯಿ ಸುಲಿದು, ಚೊಗರಿನಲ್ಲಿ ಬೇಯಿಸಿ ಒಣಗಿಸುವುದರಿಂದ ಅರೆಕೋಲಿನ್ ಒಂದಷ್ಟು ನೀರಿಗಿಳಿಯುತ್ತದೆ. ಹಾಗಾಗಿ ಈ ವಾದದಲ್ಲಿ ಹುರುಳಿದೆ, ಆದರೆ ಬೇಯಿಸಿದ ಮಾತ್ರಕ್ಕೆ ಅದು ಇಲ್ಲವಾಗುವುದಿಲ್ಲ. ಇನ್ನು ತೊಂಬತ್ತು ದಾಟಿದ ಅಜ್ಜನ ಮಾತು. ಬಾಯಿ ಬಿಗಿದುಕೊಂಡವರಲ್ಲೂ ನೂರಕ್ಕೆ ತೊಂಬತ್ತೆರಡು ಮಂದಿ ಆ 17 ವರ್ಷದಲ್ಲಿ ಕ್ಯಾನ್ಸರಿನಿಂದ ಪಾರಾದರು, ಆದ್ದರಿಂದ ಇಂಥ ಅಜ್ಜಂದಿರು ಇರುವುದು ಅಚ್ಚರಿಯಲ್ಲ. ಪಾರಾಗದವರು ಸಾಕ್ಷಿ ಹೇಳಲು ಜಗಲಿಯಲ್ಲಿ ಕೂತಿಲ್ಲ, ಅಷ್ಟೆ. ಅಜ್ಜನ ಕವಳಕ್ಕೂ ಮೊಮ್ಮಗನ ಪೊಟ್ಟಣಕ್ಕೂ ವ್ಯತ್ಯಾಸವಿದೆ. 1996ರ ಹೈದರಾಬಾದಿನ ಅಧ್ಯಯನವೊಂದರಲ್ಲಿ ಎಲೆಯಡಿಕೆ ಹಾಕುವವರಿಗೆ ಬಾಯಿ ಬಿಗಿಯಲು ಸರಾಸರಿ ಎಂಟೂವರೆ ವರ್ಷ ಹಿಡಿದಿದ್ದರೆ, ಪಾನ್ ಮಸಾಲಾ, ಗುಟ್ಕಾ ತಿನ್ನುವವರಿಗೆ ಮೂರು ವರ್ಷವೂ ಬೇಕಾಗಿರಲಿಲ್ಲ. ಕರ್ನಾಟಕ 2013ರ ಮೇ ಕೊನೆಯಲ್ಲಿ ಗುಟ್ಕಾ ನಿಷೇಧಿಸಿತು. ಈಗ ಗೂಡಂಗಡಿಯಲ್ಲಿ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ. ಬೆರೆಸುವ ಕೆಲಸ ಮಾತ್ರ ಗಿರಾಕಿಯದ್ದು.

ನಮ್ಮ ನೆಲದ ಅಡಿಕೆಯ ಮೇಲೆ ನಮ್ಮಲ್ಲೇ ಅಧ್ಯಯನವಾಗಲಿ ಎಂಬ ಬೇಡಿಕೆ ಹಳೆಯದು. 2025ರ ಜನವರಿಯಲ್ಲಿ ಸಾಗರದಲ್ಲಿ ನಡೆದ ಬೆಳೆಗಾರರ ಸಮಾವೇಶಕ್ಕೆ ಕೇಂದ್ರ ಕೃಷಿ ಸಚಿವರೇ ಬಂದಾಗಲೂ ಇದೇ ಮುಖ್ಯ ವಿಷಯವಾಗಿತ್ತು. ಬೇಡಿಕೆ ನ್ಯಾಯವಾದದ್ದು. ಆದರೆ ಕಳಂಕ ತೊಳೆಯಲೆಂದೇ ಮಾಡಿಸುವ ಅಧ್ಯಯನವನ್ನು ಹೊರಗಿನವರು ನಂಬುವುದಿಲ್ಲ. ಫಲಿತಾಂಶ ಹೇಗೇ ಬಂದರೂ ಒಪ್ಪುತ್ತೇವೆ ಎಂದು ಬೆಳೆಗಾರರ ಸಂಘಗಳು ಮೊದಲೇ ಹೇಳಿದರೆ ಆ ಬೇಡಿಕೆಗೆ ತೂಕ ಬರುತ್ತದೆ.

ಈ ವಿಷಯದಲ್ಲಿ ಚೀನಾದ ಅನುಭವ ನಮಗೆ ಕನ್ನಡಿ. ಹೈನಾನ್ ದ್ವೀಪದಲ್ಲಿ ಬೆಳೆ, ಹುನಾನ್ ಪ್ರಾಂತ್ಯದಲ್ಲಿ ಅಗಿತ. ಸಾವಿರಾರು ಕುಟುಂಬಗಳ ಅನ್ನ ಅಲ್ಲೂ ಇದರಲ್ಲೇ. ಔಷಧಕೋಶದ ಗೌರವವನ್ನು ಬಣ್ಣದ ಪೊಟ್ಟಣಕ್ಕೂ ಅಂಟಿಸಿ ಮಾರುವುದು ಅಲ್ಲಿಯೂ ನಡೆಯಿತು. 2021ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸರ್ಕಾರ ಅಡಿಕೆಯ ಪ್ರಸಾರ ಜಾಹೀರಾತುಗಳನ್ನು ನಿಲ್ಲಿಸಿತು. ಮರುವರ್ಷ ಫು ಸಾಂಗ್ ಎಂಬ 36 ವರ್ಷದ ಗಾಯಕ, ಅಡಿಕೆ ಅಗಿಯಬೇಡಿ ಎಂದು ಆಸ್ಪತ್ರೆಯಿಂದಲೇ ಜನರನ್ನು ಬೇಡಿಕೊಂಡು, ಬಾಯಿ ಕ್ಯಾನ್ಸರಿನಿಂದ ತೀರಿಕೊಂಡ. ಅಷ್ಟಾದರೂ ಬಿಂಗ್‌ಲಾಂಗ್ ಔಷಧಕೋಶದಿಂದ ಹೊರಬೀಳಲಿಲ್ಲ. ಮದ್ದನ್ನು ಮದ್ದಿನ ಜಾಗದಲ್ಲಿ ಬಿಟ್ಟು ಚಟಕ್ಕೆ ಕಡಿವಾಣ ಹಾಕುವ ದಾರಿಯನ್ನು ಅವರು ಹಿಡಿದಿದ್ದಾರೆ.

ಸೊರಬಕ್ಕೂ ಈ ಗೆರೆ ಹೊಂದುತ್ತದೆ. ಮದುವೆಯ ತಾಂಬೂಲದಲ್ಲಿ, ಪೂಜೆಯ ತಟ್ಟೆಯಲ್ಲಿ ಇಡುವ ಅಡಿಕೆಯಿಂದ ಯಾರಿಗೂ ಕೇಡಿಲ್ಲ. ಹಬ್ಬದೂಟದ ಮೇಲೆ ಅಪರೂಪಕ್ಕೊಂದು ಕವಳ ಹಾಕುವವರನ್ನು ದಿನವಿಡೀ ಕೆನ್ನೆಯಲ್ಲಿ ಒತ್ತಿಟ್ಟುಕೊಳ್ಳುವವರ ಲೆಕ್ಕಕ್ಕೆ ಸೇರಿಸುವುದೂ ಸರಿಯಲ್ಲ. ದಿನವೂ ಅಗಿಯುವವರಿಗೆ ಒಂದು ಸುಲಭ ಪರೀಕ್ಷೆಯಿದೆ. ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಬಾಯಿಗೆ ಹೋಗದಿದ್ದರೆ, ಖಾರ ಮೊದಲಿಗಿಂತ ಹೆಚ್ಚು ಉರಿದರೆ, ಧಾರಣೆ ವಿಚಾರಿಸಲು ಪೇಟೆಗೆ ಹೋದ ದಿನವೇ ದಂತವೈದ್ಯರನ್ನೂ ಕಂಡು ಬರುವುದು ಲೇಸು. ಬೆಳೆಗಾರನೂ ಇಲ್ಲಿ ಅಪರಾಧಿಯಲ್ಲ. ಆದರೆ ಒಂದೇ ಬೆಳೆಗೆ ಗದ್ದೆಗಳನ್ನೆಲ್ಲ ಒಪ್ಪಿಸುವ ಮೊದಲು, ಯಾವುದೋ ನ್ಯಾಯಾಲಯದ ಒಂದು ಆದೇಶಕ್ಕೆ ತನ್ನ ಮನೆಯ ಲೆಕ್ಕ ಎಷ್ಟು ಅಲುಗಾಡುತ್ತದೆ ಎಂದು ಎಣಿಸುವುದು ಅವನಿಗೇ ಒಳ್ಳೆಯದು. ಕಾಳುಮೆಣಸು, ಬಾಳೆಗೆ ತೋಟದಲ್ಲೇ ಜಾಗವಿದೆ. ಬಟ್ಟೆಗೆ ಬಣ್ಣ ಹಾಕಲು ಚೊಗರೂ ಬರುತ್ತದೆ.

ಅಡಿಕೆ ಔಷಧಿಯೇ ಎಂದು ಕೇಳಿದರೆ ಉತ್ತರ ಹೌದು. ಆದರೆ ಹಾಗೆನ್ನುವವರು ಎಷ್ಟು ಗ್ರಾಂ, ಎಷ್ಟು ದಿನ, ಯಾವ ಕಾಯಿಲೆಗೆ ಎಂಬುದನ್ನೂ ಹೇಳಬೇಕಾಗುತ್ತದೆ. ಪೊಟ್ಟಣ ಮಾರುವವರ ಬಳಿ ಈ ಮೂರಕ್ಕೂ ಉತ್ತರವಿಲ್ಲ. ಉತ್ತರ ಸಿಗುವ ತನಕ ಔಷಧಿ ಎಂಬ ಹೆಸರನ್ನು ಅವರಿಗೆ ಬಿಟ್ಟುಕೊಡುವ ಅಗತ್ಯ ನಮಗೂ ಇಲ್ಲ, ನಮ್ಮ ಬೆಳೆಗಾರರಿಗಂತೂ ಮೊದಲೇ ಇಲ್ಲ.